ಮೇವು ಕೊಟ್ಟೆ, ಹಗ್ಗ ಕೊಡಲಿಲ್ಲ

ನಮ್ಮ ತಾತ ಎತ್ತು ಮಾರುವಾಗ ಎರಡು ನೇಮ ಇಟ್ಟುಕೊಂಡಿದ್ದರು. ಎತ್ತಿನ ಜೊತೆ ಒಂದು ಹೊರೆ ಹುಲ್ಲು ಕೊಡುತ್ತಿದ್ದರು. ಹಗ್ಗ ಮಾತ್ರ ಕೊಡುತ್ತಿರಲಿಲ್ಲ. ಕೊಂಡವನು ತನ್ನ ಹಗ್ಗ ತಾನೇ ತರಬೇಕು. ಹಗ್ಗದ ಜೊತೆ ಕೊಟ್ಟಿಗೆಯ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಅನ್ನುವುದು ಅವರ ಲೆಕ್ಕ. ಕಳೆದ ವರ್ಷ ನಮ್ಮ 1979ರ ಪ್ರೀಮಿಯರ್ ಪದ್ಮಿನಿಯನ್ನು ಮಾರಲು ಹೊರಟಾಗ ಇದು ನೆನಪಾಯಿತು. ಕಾರಿಗೆ ಮೇವು ಯಾವುದು ಎನ್ನುವುದು ಸುಲಭ. ಹಗ್ಗ ಯಾವುದು ಎಂದು ಮಾತ್ರ ಬಹಳ ದಿನ ಹೊಳೆಯಲಿಲ್ಲ.

ಮಾರುವ ನಿರ್ಧಾರ ನನ್ನದಲ್ಲ, ನನ್ನ ಎಡ ಮೊಣಕಾಲಿನದು. ಮೈಸೂರಿನ ಒಂಟಿಕೊಪ್ಪಲಿನಿಂದ ದೇವರಾಜ ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಎಷ್ಟು ಸಲ ಕ್ಲಚ್ ಒತ್ತಿದೆ ಎಂಬ ಲೆಕ್ಕವನ್ನು ಅದು ರಾತ್ರಿ ಮಲಗಿದಾಗ ಒಪ್ಪಿಸುತ್ತಿತ್ತು. ಹಾಗಾಗಿ ಆರು ತಿಂಗಳು ಕಾರು ಶೆಡ್ಡಿನಲ್ಲೇ ನಿಂತಿತು. ಒಂದು ದಿನ ಬಾನೆಟ್ ಎತ್ತಿದರೆ ಏರ್ ಫಿಲ್ಟರಿನ ಪಕ್ಕ ಇಲಿಯೊಂದು ನನ್ನ ಹಳೇ ಬನಿಯನ್ನಿನಲ್ಲಿ ಬಾಣಂತನ ಮಾಡಿಕೊಂಡಿದೆ. ಓಡುವ ಕಾರಿಗಿಂತ ನಿಂತ ಕಾರು ಬೇಗ ಮುದಿಯಾಗುತ್ತದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಆರಿ ಅಂಟಾಗುತ್ತದೆ, ಬ್ರೇಕಿನ ರಬ್ಬರುಗಳು ಕಚ್ಚಿಕೊಳ್ಳುತ್ತವೆ, ಟೈರು ನಿಂತ ಜಾಗದಲ್ಲೇ ಚಪ್ಪಟೆಯಾಗುತ್ತದೆ. "ಶ್ರೀರಂಗಪಟ್ಟಣದ ಹತ್ತಿರ ಪಯಣ ಅಂತ ಕಾರು ಮ್ಯೂಸಿಯಂ ಇದೆಯಲ್ಲ, ಅಲ್ಲಿಗೆ ಕೊಟ್ಟುಬಿಡಿ" ಎಂದರು ಪಕ್ಕದ ಮನೆಯವರು. ನಾನು ಅಲ್ಲಿಗೆ ಹೋಗಿದ್ದೇನೆ, ನೋಡಬೇಕಾದ ಜಾಗವೇ. ಆದರೆ ಮೊಮ್ಮಕ್ಕಳ ಜೊತೆ ಟಿಕೆಟ್ ತೆಗೆದುಕೊಂಡು ಹೋಗಿ ನನ್ನ ಕಾರನ್ನು ನಾನೇ ದೂರ ನಿಂತು ನೋಡುವಷ್ಟು ಗಟ್ಟಿ ಮನಸ್ಸು ನನ್ನದಲ್ಲ. ಇನ್ನೊಬ್ಬ ಸ್ನೇಹಿತರು, "2029ಕ್ಕೆ ಐವತ್ತು ತುಂಬುತ್ತೆ, ವಿಂಟೇಜ್ ಆಗುತ್ತೆ, ಆಗ ಮಾರಿ" ಎಂದರು. 2021ರ ನಿಯಮದಲ್ಲಿ ಐವತ್ತು ದಾಟಿದ ಗಾಡಿಗೆ 'ವಿಎ' ಎಂಬ ಪ್ರತ್ಯೇಕ ನಂಬರು ಸಿಗುವುದು ನಿಜ. ಆದರೆ ಆ ನಂಬರು ಕಟ್ಟಿದ ಮೇಲೆ ಅದನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಸೊಪ್ಪು ತರಲು ಹೋಗದ ಕಾರು ನಮ್ಮ ಮನೆಯ ಮರ್ಯಾದೆಗೆ ಸರಿಹೊಂದುವುದಿಲ್ಲ.

ಈ ಕಾರಿನ ತವರು ಇಟಲಿ. ಫಿಯೆಟ್ 1100 ಮಾದರಿಯನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ತಯಾರಿಸುತ್ತಿತ್ತು. 1964ರಲ್ಲಿ 'ಡಿಲೈಟ್' ಬಂತು. ಎಪ್ಪತ್ತರ ದಶಕದಲ್ಲಿ ಅದೇ ಮೈಕಟ್ಟಿಗೆ ಚಿತ್ತೋರದ ರಾಣಿಯ ಹೆಸರಿಟ್ಟು ಪದ್ಮಿನಿ ಎಂದರು. ಎಂಜಿನ್ನು 1089 ಸಿಸಿ, ಗೇರು ನಾಲ್ಕು, ಅದರ ಕೋಲು ಸ್ಟೀರಿಂಗಿನ ಎಡಪಕ್ಕಕ್ಕೆ. ಅಪ್ಪ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದಿದ್ದರು. ಆಗಿನ ಕಾಲವೇ ಹಾಗೆ: ಸರದಿಯಲ್ಲಿ ಕಾದು ಪಡೆಯುವ ಹೊಸ ಕಾರಿಗಿಂತ, ಕೂಡಲೇ ಕೈಗೆ ಸಿಗುವ ಹಳೇ ಕಾರಿಗೇ ಹೆಚ್ಚು ಬೆಲೆ ಬರುತ್ತಿದ್ದುದುಂಟು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ನೆಂಟರೆಲ್ಲ ಅಪ್ಪನಿಗೆ ಬುದ್ಧಿ ಹೇಳಿದರು. ಅಪ್ಪ ಹೋಗಿ ಒಂದು ಸುತ್ತು ಓಡಿಸಿ ಬಂದು, "ಅದರಲ್ಲಿ ಮುಂದೆ ಮೂರು ಜನ ಕೂರಕ್ಕಾಗಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಆ ಮೂರನೆಯವನು ನಾನು.

ಪದ್ಮಿನಿಯನ್ನು ಬರೀ ಓಡಿಸಿದರೆ ಸಾಲದು, ಅದಕ್ಕೆ ಕಿವಿಗೊಡಬೇಕು. ಚಳಿಗಾಲದ ಬೆಳಿಗ್ಗೆ ಚೋಕನ್ನು ಪೂರ್ತಿ ಎಳೆದು, ಆಕ್ಸಿಲರೇಟರನ್ನು ಎರಡು ಸಲ ಒತ್ತಿ, ಸೆಲ್ಫ್ ಹೊಡೆಯಬೇಕು. ಮೂರನೇ ಸಲ ಒತ್ತಿದಿರೋ, ಪ್ಲಗ್ಗುಗಳು ಪೆಟ್ರೋಲಿನಲ್ಲಿ ನೆಂದು ಮುನಿಸಿಕೊಂಡು ಕೂರುತ್ತವೆ. ಎಂಜಿನ್ ಮೊದಲು ಕೆಮ್ಮಿ, ಆಮೇಲೆ ಗೊಣಗಿ, ಕೊನೆಗೆ ಒಂದು ಶ್ರುತಿಗೆ ಬಂದು ನಿಲ್ಲುತ್ತದೆ. ಆ ಶ್ರುತಿ ಸಿಕ್ಕ ಕ್ಷಣದಲ್ಲಿ ಚೋಕನ್ನು ಅರ್ಧಕ್ಕೆ ಒಳಗೆ ತಳ್ಳಬೇಕು. ಅರ್ಧ ಅಂದರೆ ಎಷ್ಟು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಭಾನುವಾರದ ಬೆಳಿಗ್ಗೆ ನನ್ನ ಪೂಜೆ ಡೆಲ್ಕೊಗೆ. ಕಿಡಿ ಹಂಚುವ ಆ ಡಬ್ಬಿಗೆ ಮೆಕ್ಯಾನಿಕ್ಕುಗಳು ಇಟ್ಟ ಹೆಸರು ಅದು. ಎರಡು ಕ್ಲಿಪ್ ಸರಿಸಿ ಮುಚ್ಚಳ ತೆಗೆದರೆ ಒಳಗೆ ಪಾಯಿಂಟು: ಸಾಸಿವೆಕಾಳಿಗಿಂತ ಸ್ವಲ್ಪ ದೊಡ್ಡದಾದ ಎರಡು ಲೋಹದ ಬೊಟ್ಟುಗಳು, ಮುಖಕ್ಕೆ ಮುಖ. ಅವು ಬಿಟ್ಟುಕೊಂಡ ಗಳಿಗೆಯಲ್ಲೇ ಕಾಯಿಲಿನಿಂದ ಕಿಡಿ ಹೊರಟು ಒಂದು, ಮೂರು, ನಾಲ್ಕು, ಎರಡು ಎಂಬ ಸರದಿಯಲ್ಲಿ ಸಿಲಿಂಡರುಗಳಿಗೆ ಹೋಗುತ್ತದೆ. ಕರಿ ಹಿಡಿದ ಆ ಬೊಟ್ಟುಗಳನ್ನು ಎಮರಿ ಪೇಪರಿನಿಂದ ತಿಕ್ಕಿ, ನಡುವೆ ಫೀಲರ್ ಗೇಜಿನ ತೆಳು ಎಲೆ ತೂರಿಸಬೇಕು. ಎಲೆ ಸಲೀಸಾಗಿ ಜಾರಲೂ ಬಾರದು, ಸಿಕ್ಕಿಹಾಕಿಕೊಳ್ಳಲೂ ಬಾರದು; ಹಳೇ ಪಂಚಾಂಗದಿಂದ ಹಾಳೆ ಎಳೆದ ಹಾಗೆ ತುಸು ತಡೆದು ಬರಬೇಕು. ಪಾಯಿಂಟನ್ನು ಎತ್ತುವ ಸಣ್ಣ ಹಿಮ್ಮಡಿ ದಿನಾ ಉಜ್ಜಿ ಸವೆಯುತ್ತದೆ. ಅದು ಸವೆದಷ್ಟೂ ಸಂದು ಕಿರಿದಾಗಿ, ಕಿಡಿ ತಡವಾಗಿ, ಕಾರು ಚಾಮುಂಡಿ ಬೆಟ್ಟ ಹತ್ತುವಾಗ ನಂದಿಯವರೆಗೂ ಬಂದು ಇನ್ನು ಸಾಕು ಎನ್ನುತ್ತದೆ. ಬೆಟ್ಟ ಹತ್ತುವ ಪರಿಯಲ್ಲೇ ಪಾಯಿಂಟಿನ ಸ್ಥಿತಿ ನನಗೆ ತಿಳಿಯುತ್ತಿತ್ತು.

ಇನ್ನು ಮಡಿಕೇರಿ ದಾರಿ. ಕುಶಾಲನಗರ ದಾಟಿ ಏರು ಶುರುವಾಗಿ, ಹೊತ್ತೂ ನೆತ್ತಿಗೆ ಬಂದರೆ ಕಾರು ಮುಗ್ಗರಿಸುತ್ತಿತ್ತು. ಎಂಜಿನ್ನಿನ ಕಾವಿಗೆ ಪೆಟ್ರೋಲು ಪಂಪಿನಲ್ಲೇ ಆವಿಯಾಗುತ್ತದೆ. ಪಂಪು ಆವಿಯನ್ನು ತಳ್ಳಲಾರದೆ ಸುಮ್ಮನೆ ಹೊಡೆದುಕೊಳ್ಳುತ್ತದೆ. ಮದ್ದು ಒಂದೇ: ಒದ್ದೆ ಬಟ್ಟೆ. ಅಪ್ಪ ತಮ್ಮ ಹಳೇ ಪಂಚೆಯ ಒಂದು ತುಂಡನ್ನು ಡಿಕ್ಕಿಯಲ್ಲಿ ಇದಕ್ಕೆಂದೇ ಮಡಿಸಿಟ್ಟಿದ್ದರು. ಅದನ್ನು ನೆನೆಸಿ ಪಂಪಿನ ಮೇಲೆ ಹೊದಿಸುತ್ತಿದ್ದರು, ಜ್ವರ ಬಂದ ಮಗುವಿನ ಹಣೆಗೆ ಪಟ್ಟಿ ಹಾಕಿದ ಹಾಗೆ. ಅಮ್ಮ ಅಷ್ಟರಲ್ಲಿ ರಸ್ತೆ ಬದಿ ಜಮಖಾನ ಹಾಸಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದಳು. ನಮ್ಮ ಮನೆಯ ನೆಮ್ಮದಿಯ ಊಟಗಳೆಲ್ಲ ಕಾರು ಕೆಟ್ಟಾಗಲೇ ಆಗಿವೆ.

2023ರ ಅಕ್ಟೋಬರಿನಲ್ಲಿ ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ಹೋದವು. ಕೊನೆಯದು ನೋಂದಣಿಯಾದದ್ದು 2003ರಲ್ಲಂತೆ. ಅಲ್ಲಿ ಟ್ಯಾಕ್ಸಿಯ ಆಯುಸ್ಸು ಇಪ್ಪತ್ತೇ ವರ್ಷ. ಪತ್ರಿಕೆ ಮಡಿಸುತ್ತಾ ನನ್ನಾಕೆ ಹೇಳಿದಳು: "ಮುಂಬಯಿಯವರೇ ರಿಟೈರ್ ಮಾಡಿದ್ರು. ನಿಮ್ಮದೇನು ಹಠ?"

ಸರಿ, ಸುದ್ದಿ ಹರಡಿದೆ. ಮೊದಲು ಬಂದವನು ಗುಜರಿಯವನು. ಕಾರಿನ ಸುತ್ತ ಒಂದು ಸಲವೂ ಬರಲಿಲ್ಲ; "ತೂಕ ಎಷ್ಟು ಬರುತ್ತೆ ಸಾರ್?" ಎಂದ. ಎರಡನೆಯವರಿಗೆ ಹೆದ್ದಾರಿಯಲ್ಲಿ ಹೋಟೆಲ್ಲು. ಕಾರನ್ನು ನಡುವೆ ಕತ್ತರಿಸಿ, ಹಿಂಭಾಗವನ್ನು ಗಿರಾಕಿಗಳು ಕೂರುವ ಸೋಫಾ ಮಾಡುವ ಯೋಜನೆ. ಮುಂಭಾಗ ಏನು ಮಾಡುತ್ತೀರಿ ಎಂದರೆ, "ಗೋಡೆಯಿಂದ ಹೊರಗೆ ಬಂದ ಹಾಗೆ ಕೂರಿಸ್ತೀವಿ, ಫೋಟೊಗೆ" ಎಂದರು. ಮೂರನೆಯವರು ಸಿನಿಮಾದವರು. ಬಾಡಿಗೆ ಚೆನ್ನಾಗಿತ್ತು, ಮಾತಿನ ಕೊನೆಗೆ ಕಾರನ್ನು ಕಂದಕಕ್ಕೆ ಉರುಳಿಸುವ ದೃಶ್ಯವಿದೆ ಎಂದು ತಿಳಿಯಿತು. ನಾಲ್ಕನೆಯ ಹುಡುಗನಿಗೆ ಪ್ರೀತಿಯಿತ್ತು, ಆದರೆ ಎಂಜಿನ್ನು ಬೇರೆ, ಗೇರು ನೆಲಕ್ಕೆ, ಚಕ್ರ ಅಲಾಯ್, ಹಿಂದಿನ ಸೀಟು ತೆಗೆದು ಸ್ಪೀಕರ್. ಅವನು ಮದುವೆಯಾಗಲು ಒಪ್ಪಿದ್ದ, ಹೆಣ್ಣನ್ನು ಬಿಟ್ಟು.

ಇವರೆಲ್ಲರ ಮುಂದೆ ನಾನು ಕಾರಿನ ವಕೀಲನಾಗಿದ್ದೆ. "ಒಂದು ದಿನ ಕೈಕೊಟ್ಟಿಲ್ಲ" ಎಂದು ಚಿತ್ರಾನ್ನದ ಡಬ್ಬಿಗಳನ್ನೆಲ್ಲ ಮರೆತು ಸುಳ್ಳು ಹೇಳಿದ್ದೆ.

ಐದನೆಯವರು ಹಾಸನದಿಂದ ಬಸ್ಸಿನಲ್ಲಿ ಬಂದರು. ಲೇತ್ ಅಂಗಡಿ ಇಟ್ಟುಕೊಂಡವರು, ನಲವತ್ತರ ಆಸುಪಾಸು. ಕೈಚೀಲದಲ್ಲಿ ಒಂದು ಹಳೇ ಬೆಡ್‌ಶೀಟು, ಟಾರ್ಚು, ದಾರಕ್ಕೆ ಕಟ್ಟಿದ ಅಯಸ್ಕಾಂತ. ಕಾಫಿ ಕುಡಿದು ಲೋಟ ಕೆಳಗಿಟ್ಟು ಕೇಳಿದ ಮೊದಲ ಮಾತು: "ಏನೇನು ತೊಂದ್ರೆ ಇದೆ, ಅದನ್ನ ಮೊದ್ಲು ಹೇಳಿ ಸಾರ್. ಚೆನ್ನಾಗಿರೋದು ನನಗೆ ಕಾಣುತ್ತೆ."

ನಾನು ತಡವರಿಸಿದೆ. ಆಮೇಲೆ ಏನಾಯಿತೋ, ಬಾಯಿ ತೆರೆದವನು ಮುಕ್ಕಾಲು ಗಂಟೆ ಮುಚ್ಚಲಿಲ್ಲ. ಮೊದಲನೇ ಗೇರಿನಿಂದ ರಿವರ್ಸಿಗೆ ಅವಸರದಲ್ಲಿ ಎಳೆದರೆ ಕೋಲು ಸಿಕ್ಕಿಕೊಳ್ಳುತ್ತದೆ, ಆಗ ಬಾನೆಟ್ ತೆಗೆದು ಕೆಳಗಿನ ಸರಳನ್ನು ಕೈಯಿಂದ ಬಿಡಿಸಬೇಕು. ಮಳೆಗಾಲದಲ್ಲಿ ವೈಪರ್ ಅರ್ಧದಲ್ಲಿ ಯೋಚಿಸುತ್ತ ನಿಲ್ಲುತ್ತದೆ. ಪೆಟ್ರೋಲ್ ಮುಳ್ಳು ಕಾಲು ಭಾಗ ತೋರಿಸಿದರೆ ಟ್ಯಾಂಕು ಖಾಲಿ ಎಂದರ್ಥ. ಹಾರನ್ನು ಎಡಕ್ಕೆ ತಿರುಗುವಾಗ ತಾನಾಗಿ ಒಮ್ಮೊಮ್ಮೆ ಕೂಗುತ್ತದೆ. ಹೇಳುತ್ತ ಹೇಳುತ್ತ ನನಗೇ ಸಂತೋಷವಾಗತೊಡಗಿತು. ನಲವತ್ತು ವರ್ಷ ಕೂಡಿಟ್ಟ ಆಸ್ತಿ ಇದೇ ಎಂದು ಅವತ್ತೇ ಗೊತ್ತಾದದ್ದು. ಕಾರಿನ ಗುಣಗಳು ಯಾವ ಪದ್ಮಿನಿಗಾದರೂ ಇರುತ್ತವೆ. ಕುಂದುಗಳು ಮಾತ್ರ ನಮ್ಮ ಮನೆಯವು.

ಅವರು ಗೇರಿನ ಮಾತಿಗೆ ನಕ್ಕರು. "ಲಿಂಕೇಜಿನ ಬುಷ್ ಸವೆದಿರುತ್ತೆ. ಅಂಗಡಿಯಲ್ಲಿ ಸಿಗಲ್ಲ, ನಾನೇ ಕಡೆದು ಹಾಕ್ತೀನಿ." ಆಮೇಲೆ ಬೆಡ್‌ಶೀಟ್ ಹಾಸಿ ಕಾರಿನ ಕೆಳಗೆ ಹೋದರು. ಕಾಲೆರಡು ಮಾತ್ರ ಹೊರಗೆ. ಒಳಗಿನಿಂದ ಅಯಸ್ಕಾಂತದ ಶಬ್ದ: ಟಕ್, ಟಕ್, ಟಕ್. ತಗಡಿದ್ದ ಕಡೆ ಕಚ್ಚುತ್ತದೆ, ತುಕ್ಕು ತಿಂದು ಪಟ್ಟಿ ಮೆತ್ತಿದ ಕಡೆ ಜಾರುತ್ತದೆ. ಬಲಬದಿಯ ಪೆಡಲುಗಳ ಹತ್ತಿರ ಬಂದಾಗ ಟಕ್ ನಿಂತಿತು. ನನ್ನ ಎದೆಯೂ. "ಇಲ್ಲಿ ಒಂದು ಅಂಗೈಯಗಲ ಹೋಗಿದೆ ಸಾರ್" ಎಂಬ ಧ್ವನಿ ಬಂತು, ಡಾಕ್ಟರು ಹೇಳುವ ಹಾಗೆ, ಬೈಗುಳವಿಲ್ಲದೆ. ಎದ್ದು ಬಂದು, ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲು ಹಳೇ ರಬ್ಬರನ್ನು ತಿನ್ನುತ್ತದಲ್ಲ, ಪೈಪು ಮತ್ತು ಪಂಪಿನ ಡಯಾಫ್ರಾಮ್ ಬದಲಾಯಿಸಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ಬರೆದುಕೊಂಡರು.

ದನದ ಜಾತ್ರೆಯಾಗಿದ್ದರೆ ಇಬ್ಬರೂ ಟವೆಲ್ಲಿನ ಕೆಳಗೆ ಬೆರಳು ಹಿಡಿಯಬೇಕಿತ್ತು. ಅವರು ಚೀಟಿಯಲ್ಲೇ ಲೆಕ್ಕ ಹಾಕಿ ನನ್ನ ಕೈಗಿಟ್ಟರು: ಟಿಂಕರಿಂಗಿಗೆ ಇಷ್ಟು, ಟೈರಿಗೆ ಇಷ್ಟು, ರಬ್ಬರು ಸಾಮಾನಿಗೆ ಇಷ್ಟು, ಆದ್ದರಿಂದ ನಾನು ಕೊಡಬಹುದಾದದ್ದು ಇಷ್ಟು. ಹೋಟೆಲಿನವರು ಇದರ ಮೇಲೆ ಇಪ್ಪತ್ತು ಸಾವಿರ ಹೇಳಿದ್ದರು. ಚೀಟಿಯನ್ನು ಇನ್ನೊಮ್ಮೆ ನೋಡಿದೆ. ನಮ್ಮ ಮೆಕ್ಯಾನಿಕ್ ಭಾಯ್ ಎರಡು ವರ್ಷದಿಂದ ಮಾಡಿಸಿ ಎಂದು ಗೋಗರೆಯುತ್ತಿದ್ದ ಕೆಲಸಗಳೇ, ಅದೇ ಕ್ರಮದಲ್ಲಿ ಇದ್ದವು. ಆಯಿತು ಎಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನಾಕೆ ಹುಬ್ಬೇರಿಸಿ ಒಳಗೆ ಹೋದಳು.

ಕಾಗದಪತ್ರದ ಕೆಲಸವನ್ನು ಇಬ್ಬರೂ ಆರ್‌ಟಿಒ ಕಚೇರಿಗೆ ಒಟ್ಟಿಗೇ ಹೋಗಿ ಮುಗಿಸಿದೆವು. ಫಾರಂ 29 ಮಾರುವವನದು, ಫಾರಂ 30 ಕೊಳ್ಳುವವನದು. ಮಾರಿದ ಹದಿನಾಲ್ಕು ದಿನದೊಳಗೆ ತಿಳಿಸಬೇಕು, ಇಲ್ಲದಿದ್ದರೆ ಮುಂದೆ ಅವರು ಸಿಗ್ನಲ್ ಹಾರಿದರೂ ದಂಡದ ಚೀಟಿ ನನ್ನ ಮನೆಗೆ. ರಾಜ್ಯದೊಳಗೇ ಇರುವುದರಿಂದ ಕೆಎ ಬರುವುದಕ್ಕೆ ಮುಂಚಿನ ಆ ಹಳೇ ನಂಬರು ಹಾಗೇ ಉಳಿಯಿತು. ಕಚೇರಿಯಿಂದ ಹೊರಗೆ ಬಂದಾಗ ಅವರು ಆರ್‌ಸಿ ಬುಕ್ಕಿನಲ್ಲಿದ್ದ ಅಪ್ಪನ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದರು, ನಾನು ನೋಡಲಿಲ್ಲ ಎಂದುಕೊಂಡು.

ಹೊರಡುವ ದಿನ ಟ್ಯಾಂಕು ತುಂಬಿಸಿ ತಂದೆ. ಅದು ಮೇವು. ಅಪ್ಪನ ಸರ್ವಿಸ್ ಡೈರಿ ಕೊಟ್ಟೆ, ಫೀಲರ್ ಗೇಜು ಕೊಟ್ಟೆ, ಡಿಕ್ಕಿಯ ಪಂಚೆ ತುಂಡನ್ನೂ ತೋರಿಸಿ ಇದು ಯಾತಕ್ಕೆಂದು ಹೇಳಿದೆ. ನನ್ನಾಕೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಳು. ಅವರು ಚೋಕ್ ಎಳೆದರು, ಎರಡು ಸಲ ಒತ್ತಿದರು. ಮೂರನೇ ಸಲ ಒತ್ತಿಬಿಡುತ್ತಾರೇನೋ ಎಂದು ಕಾದೆ. ಒತ್ತಲಿಲ್ಲ. ಕಾರು ಕೆಮ್ಮಿತು, ಗೊಣಗಿತು, ಶ್ರುತಿಗೆ ಬಂತು. ಚೋಕು ಅರ್ಧಕ್ಕೆ ಹೋಯಿತು. ಸರಿಯಾದ ಅರ್ಧಕ್ಕೆ. ಕೆ.ಆರ್. ನಗರ, ಹೊಳೆನರಸೀಪುರದ ಮೇಲೆ ಹಾಸನಕ್ಕೆ ನೂರಿಪ್ಪತ್ತು ಕಿಲೋಮೀಟರ್ ಆಸುಪಾಸು. ಬೀದಿಯ ತಿರುವಿನಲ್ಲಿ ಎಡಕ್ಕೆ ತಿರುಗಿದ್ದೇ ಹಾರನ್ನು ತಾನಾಗಿ ಒಮ್ಮೆ ಕೂಗಿತು.

ಎರಡು ವಾರದ ಮೇಲೆ ಫೋನು. ಬುಷ್ ಕಡೆದು ಹಾಕಿದ್ದಾಯಿತು, ಗೇರು ಬೆಣ್ಣೆಯ ಹಾಗಿದೆ ಎಂದರು. ಆಮೇಲೆ ಸ್ವಲ್ಪ ತಡೆದು, "ಸಾರ್, ಒಂದು ಮಾತು. ಹಿಂದಿನ ಎಡಗಡೆ ಬಾಗಿಲನ್ನ ಒಂಚೂರು ಮೇಲಕ್ಕೆ ಎತ್ತಿ ಹಾಕ್ಬೇಕು ಅಲ್ವಾ? ನಮ್ಮ ಮಗಳು ಕಂಡುಹಿಡಿದಳು. ನೀವು ಹೇಳಿರ್ಲಿಲ್ಲ."

ಹೇಳಿರಲಿಲ್ಲ, ನಿಜ. ಮುಕ್ಕಾಲು ಗಂಟೆ ಕುಂದುಗಳನ್ನು ಒಪ್ಪಿಸಿದವನು ಅದೊಂದನ್ನು ಬಿಟ್ಟಿದ್ದೆ. ಅದು ನನಗೆ ಕುಂದು ಎಂದೇ ಹೊಳೆದಿರಲಿಲ್ಲ. ಬಾಗಿಲು ಹಾಕುವುದು ಅಂದರೇ ಹಾಗೆ ಎಂದುಕೊಂಡಿದ್ದೆ. ಈಗ ಮಗನ ಹೊಸ ಕಾರಿನಿಂದ ಇಳಿದಾಗಲೂ ಬಾಗಿಲನ್ನು ಎತ್ತಿಯೇ ಹಾಕುತ್ತೇನೆ. "ಎಳೀಬೇಡಿ ಅಪ್ಪ, ಕಿತ್ತು ಬರುತ್ತೆ" ಎಂದು ಅವನು ಬೈಯುತ್ತಾನೆ.

ನಾನೇನು ಮಾಡಲಿ. ಹಗ್ಗ ಇನ್ನೂ ನನ್ನ ಕೈಯಲ್ಲೇ ಇದೆ.