ಗರ್ಭಿಣಿಯ ಮೌನ ಮತ್ತು ಮನೆಯವರ ಹೊಣೆ

ಸೊಸೆ ಬಸುರಿಯಾದಳೆಂಬ ವಾರ್ತೆ ಮನೆಗೆ ಮಂಗಳವನ್ನು ತರುತ್ತದೆ. ಬಯಕೆಯೂಟ, ಸೀಮಂತ, ತವರಿನ ಬಾಣಂತನ ಇವೆಲ್ಲ ಎರಡು ಜೀವಗಳನ್ನು ಕಾಪಾಡಬೇಕೆಂಬ ಹಿರಿಯರ ವಿವೇಕದಿಂದ ಬೆಳೆದುಬಂದ ಆಚಾರಗಳು. ಆದರೆ ಹೊಡೆತ ಬಡಿತಗಳು ಮೊದಲೇ ಇದ್ದ ಮನೆಯಲ್ಲಿ, ಗರ್ಭ ನಿಂತಿತೆಂಬ ಕಾರಣದಿಂದಲೇ ಅವು ನಿಲ್ಲುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ವಿವಾಹಿತರಾದ 18ರಿಂದ 49 ವರ್ಷದ ಸ್ತ್ರೀಯರ ಪೈಕಿ ಶೇಕಡಾ 3.1 ಮಂದಿ ತಾವು ಬಸುರಿಯಾಗಿದ್ದಾಗ ದೈಹಿಕ ಹಿಂಸೆಗೆ ಒಳಗಾದುದಾಗಿ ತಿಳಿಸಿದ್ದಾರೆ. ಬಾಯಿಬಿಟ್ಟು ಹೇಳಿದವರ ಲೆಕ್ಕ ಮಾತ್ರ ಇದು. ಮಾತಿನ ಇರಿತವೂ ಅನ್ನದ ಕೊರತೆಯೂ ಇದರಲ್ಲಿ ಸೇರಿಲ್ಲ.

ಶ್ರಾವಕರಿಗೆ ವಿಧಿಸಿದ ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿದ ಭಾರ ಹೊರಿಸುವುದು, ಅನ್ನನೀರನ್ನು ತಡೆಯುವುದು ಎಂದು ಇವುಗಳ ಅರ್ಥ. ಇವನ್ನು ದನಕರುಗಳ ವಿಷಯದಲ್ಲಿ ನೆನೆಯುವುದು ವಾಡಿಕೆ. ಗರ್ಭಿಣಿಯನ್ನು ತವರಿಗೆ ಹೋಗಗೊಡದಿರುವುದು, ತುಂಬಿದ ಬಸುರಿಯಿಂದ ನೀರಿನ ಕೊಡಗಳನ್ನು ಹೊರಿಸುವುದು, ಎಲ್ಲರೂ ಉಂಡು ಉಳಿದುದನ್ನು ಅವಳಿಗೆ ಬಡಿಸುವುದು ಈ ಪಟ್ಟಿಗೆ ಹೊರತಾದುವೇ ಎಂಬುದನ್ನು ಪ್ರತಿ ಮನೆಯೂ ವಿಚಾರಿಸಬೇಕು.

ಇಂಥ ಹಿಂಸೆಗೆ ಮುನ್ಸೂಚನೆಗಳಿರುತ್ತವೆ. ಮದುವೆಯಾದಂದಿನಿಂದ ಪತಿ ಕೈಮಾಡುತ್ತ ಬಂದಿರುವುದು ಅವುಗಳಲ್ಲಿ ಬಲವಾದುದು. ಮದ್ಯಪಾನ ಮತ್ತೊಂದು: ಅದೇ ಸಮೀಕ್ಷೆಯಂತೆ, ಪದೇಪದೇ ಕುಡಿದು ಅಮಲೇರುವ ಗಂಡಂದಿರ ಪತ್ನಿಯರಲ್ಲಿ ಶೇಕಡಾ 70ರಷ್ಟು ಮಂದಿ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನು ಕಂಡಿದ್ದರೆ, ಕುಡಿಯದವರ ಪತ್ನಿಯರಲ್ಲಿ ಆ ಪ್ರಮಾಣ ಶೇಕಡಾ 23. ಕುಡಿತವಿಲ್ಲದ ಮನೆಗಳೂ ನಿಶ್ಚಿಂತವಾಗಿರಲಾಗದೆಂಬುದನ್ನು ಈ ಎರಡನೆಯ ಅಂಕಿ ತಿಳಿಸುತ್ತದೆ. ತಂದೆ ತಾಯಿಯನ್ನು ಹೊಡೆಯುವುದನ್ನು ಕಂಡು ಬೆಳೆದ ಮಗ, ಎಳೆಯ ವಯಸ್ಸಿನ ಮದುವೆ, ಬಯಸದೆ ನಿಂತ ಗರ್ಭ, ತೀರದ ವರದಕ್ಷಿಣೆಯ ತಗಾದೆ, ಹೆಂಡತಿ ಯಾರೊಡನೆ ಮಾತನಾಡಿದರೂ ಸಂಶಯಪಡುವ ಸ್ವಭಾವ ಇವೂ ಅಪಾಯದ ಕುರುಹುಗಳೇ. ಇವುಗಳಲ್ಲಿ ಯಾವುದೂ ಸ್ತ್ರೀಯ ಅಪರಾಧವಲ್ಲ. ಹೊಡೆದವನಿಗೆ ಕ್ಷಮಾಪಣೆಯೂ ಅಲ್ಲ.

ಗಂಡುಮಗುವಿನ ಹಂಬಲವಂತೂ ಹೆರಿಗೆಯ ಅನಂತರವೂ ಕಾಡುತ್ತದೆ. ಶಿಶುವಿನ ಲಿಂಗವನ್ನು ನಿರ್ಧರಿಸುವುದು ತಂದೆಯ ವೀರ್ಯಾಣುವೆಂಬುದು ಶಾಲೆಯ ಪಠ್ಯದಲ್ಲಿಯೇ ಇದ್ದರೂ ಎರಡನೆಯ ಹೆಣ್ಣನ್ನು ಹೆತ್ತ ಬಾಣಂತಿ ನಿಂದೆಗೆ ಗುರಿಯಾಗುತ್ತಾಳೆ. ಹೊಟ್ಟೆಗೆ ಬಿದ್ದ ಪೆಟ್ಟಿನಿಂದ ಗರ್ಭಪಾತ, ರಕ್ತಸ್ರಾವಗಳು ಸಂಭವಿಸಬಹುದು. ನಿರಂತರ ಭಯದಲ್ಲಿ ಬದುಕುವ ತಾಯಂದಿರಲ್ಲಿ ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕದ ಶಿಶು, ಹೆರಿಗೆಯ ಬಳಿಕ ಖಿನ್ನತೆ ಹೆಚ್ಚೆಂದು ವೈದ್ಯಶಾಸ್ತ್ರ ಗುರುತಿಸಿದೆ.

ಮಗಳನ್ನು ಸೀಮಂತ ಮುಗಿಸಿ ಕರೆತಂದ ತಾಯಿ, ಅವಳೊಬ್ಬಳೇ ಇರುವಾಗ, ಗಂಡನ ಕಡೆಯವರು ಕೇಳಿಸಿಕೊಳ್ಳದ ಎಡೆಯಲ್ಲಿ, "ಅಲ್ಲಿ ನಿನಗೆ ಭಯವುಂಟೇನಮ್ಮಾ?" ಎಂದು ಕೇಳಬೇಕು. ಒಮ್ಮೆ ಉತ್ತರ ಬಾರದಿದ್ದರೆ ಮತ್ತೊಮ್ಮೆ ಕೇಳಬೇಕು. ಹೇಳಿದಾಗ, "ಸ್ವಲ್ಪ ಸಹಿಸಿಕೊ, ಮಗುವಾದ ಮೇಲೆ ಎಲ್ಲ ಸರಿಹೋಗುತ್ತದೆ" ಎನ್ನುವುದು ಅವಳನ್ನು ಮತ್ತೆ ಅಪಾಯಕ್ಕೆ ಒಪ್ಪಿಸಿದಂತೆ. ಅತ್ತೆಯೂ ತನ್ನ ಮಗನ ಕೈ ಹಿಡಿದು ತಡೆಯಬಲ್ಲಳು. ಮನೆಯೊಳಗೆ ಆ ಅಧಿಕಾರ ಅವಳಿಗಿದೆ.

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ದೈಹಿಕ ಹಿಂಸೆಯೊಡನೆ ಮಾತಿನ, ಮನಸ್ಸಿನ ಹಾಗೂ ಹಣಕಾಸಿನ ಪೀಡನೆಯನ್ನೂ ಹಿಂಸೆಯೆಂದೇ ಎಣಿಸುತ್ತದೆ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನು ಪತ್ನಿಗೆ ನೀಡುತ್ತದೆ. ನೆರೆಯವರಾಗಲಿ ಬಂಧುಗಳಾಗಲಿ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. 181 ಮಹಿಳಾ ಸಹಾಯವಾಣಿಯ ಸಂಖ್ಯೆ. ಬಸದಿಯ ಸೂಚನಾಫಲಕದಲ್ಲಿ ಪೂಜೆಯ ವೇಳಾಪಟ್ಟಿಯ ಪಕ್ಕದಲ್ಲಿ ಈ ಸಂಖ್ಯೆಯನ್ನು ಬರೆಸುವುದು ಯಾವ ಟ್ರಸ್ಟಿಗೂ ಹೊರೆಯಾಗದು. ನೊಂದು ಬಂದವಳ ಮಾತನ್ನು ಗುಟ್ಟಾಗಿ ಆಲಿಸಲು ಇಬ್ಬರು ಹಿರಿಯ ಶ್ರಾವಕಿಯರನ್ನು ನೇಮಿಸುವುದೂ ಸಾಧ್ಯ. ಮನೆತನದ ಮರ್ಯಾದೆಯ ಮಾತೆತ್ತಿ ಅವಳ ಬಾಯಿ ಮುಚ್ಚಿಸದಿರುವಷ್ಟು ಧೈರ್ಯ ಆ ಹಿರಿಯರಿಗಿರಲಿ.