ಊಟ ಹಾಕಿದವರು ಉಳಿಯಲಿಲ್ಲ

ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಿಂದ ಮುಂಬೈಗೆ ಹಾರುವವರಿಗೆ ಯಾವ ಕಂಪನಿ ಒಳ್ಳೆಯದು ಎಂಬ ಪ್ರಶ್ನೆಯೇ ಇರಲಿಲ್ಲ. 1953ರ ಕಾನೂನಿನ ಪ್ರಕಾರ ದೇಶದೊಳಗಿನ ಹಾರಾಟವೆಲ್ಲ ಇಂಡಿಯನ್ ಏರ್‌ಲೈನ್ಸ್‌ನದು. ಸಣ್ಣ ಊರುಗಳಿಗೆ ವಾಯುದೂತ್ ಇತ್ತು, ಅದೂ ಸರ್ಕಾರದ್ದೇ. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಸರ್ವಿಸ್ ಎಂಜಿನಿಯರ್. ಪುಣೆಯಲ್ಲೋ ಫರೀದಾಬಾದಿನಲ್ಲೋ ನಮ್ಮ ಯಂತ್ರ ಕೆಟ್ಟು ನಿಂತರೆ ಕೆಂಪೇಗೌಡ ರಸ್ತೆಯ ಟಿಕೆಟ್ ಕಚೇರಿಗೆ ಓಡಬೇಕು. ತೆಳು ಕಾಗದದ ಟಿಕೆಟ್ ಪುಸ್ತಕ, ಹಾಳೆಗಳ ಬೆನ್ನಿಗೆ ಕೈಗೆ ಮೆತ್ತುವ ಕೆಂಪು ಕಾರ್ಬನ್. ಅದರ ಮೇಲೆ ‘ಓಕೆ’ ಎಂದಿದ್ದರೆ ನಿಶ್ಚಿಂತೆ, ಇಲ್ಲವಾದರೆ ವೇಟಿಂಗ್ ಲಿಸ್ಟ್ ನಂಬಿಕೊಂಡು ಎಚ್‌ಎಎಲ್ ನಿಲ್ದಾಣದ ಕೌಂಟರಿನ ಮುಂದೆ ಕಾಯುವುದು.

1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಎ320 ವಿಮಾನ ಅದೇ ನಿಲ್ದಾಣದ ರನ್‌ವೇ ತಲುಪುವ ಮುಂಚೆಯೇ ಗಾಲ್ಫ್ ಮೈದಾನದ ಬಳಿ ನೆಲಕ್ಕಪ್ಪಳಿಸಿ 92 ಜನ ತೀರಿಕೊಂಡರು. ಆ ಮಾದರಿಯ ವಿಮಾನಗಳನ್ನೆಲ್ಲ ಸರ್ಕಾರ ಕೆಲವು ತಿಂಗಳು ಹಾರದಂತೆ ತಡೆಯಿತು. ಬೇರೆ ಕಂಪನಿ ಎಂಬುದೇ ಇಲ್ಲದ್ದರಿಂದ ಕೆಲಸದ ಮೇಲೆ ತಿರುಗುವ ನಮ್ಮಂಥವರು ಮತ್ತೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು.

ಖಾಸಗಿಯವರು ಬಂದದ್ದು ಹಿತ್ತಿಲ ಬಾಗಿಲಿನಿಂದ. ಕಾನೂನು ಇನ್ನೂ ಬದಲಾಗಿರಲಿಲ್ಲ, ಹಾಗಾಗಿ ಅವರ ಹೆಸರು ‘ಏರ್ ಟ್ಯಾಕ್ಸಿ’. ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ತ್, ಸಹಾರಾ, 1993ರಲ್ಲಿ ಜೆಟ್. ಹಳೆಯ ಕಾನೂನು ರದ್ದಾದದ್ದು 1994ರಲ್ಲಿ. ಆಗ ಮೊದಲ ಬಾರಿಗೆ ಹೋಲಿಕೆ ಮಾಡುವ ಸುಖ ಸಿಕ್ಕಿತು ನೋಡಿ! ಜೆಟ್‌ನಲ್ಲಿ ಕೂತ ಕೂಡಲೇ ಒದ್ದೆ ಟವೆಲು, ಆಮೇಲೆ ಚೊಕ್ಕವಾಗಿ ಜೋಡಿಸಿದ ಊಟ. ನಮ್ಮ ಹೆಸರು ಹಿಡಿದು ಮಾತಾಡಿಸುವ ಗಗನಸಖಿಯರು. ಇಂಡಿಯನ್ ಏರ್‌ಲೈನ್ಸಿನವರೂ ನಗುವುದನ್ನು ಕಲಿತರು ಎಂದು ನಮ್ಮ ಮ್ಯಾನೇಜರು ಹೇಳುತ್ತಿದ್ದರು. ಊಟ ಹೇಗಿತ್ತು ಎಂಬುದೇ ಆಗಿನ ಅಳತೆಗೋಲು. ಆದರೆ ದಶಕ ಮುಗಿಯುವ ಹೊತ್ತಿಗೆ ಆ ಪಟ್ಟಿಯಲ್ಲಿ ಜೆಟ್ ಮತ್ತು ಸಹಾರಾ ಬಿಟ್ಟರೆ ಬೇರೆ ಯಾರೂ ಹಾರುತ್ತಿರಲಿಲ್ಲ.

2003ರಲ್ಲಿ ಲೆಕ್ಕವೇ ತಲೆಕೆಳಗಾಯಿತು. ಹಾಸನ ಜಿಲ್ಲೆಯ ಗೊರೂರಿನವರು, ಸೈನ್ಯ ಬಿಟ್ಟು ರೇಷ್ಮೆ ಬೆಳೆದ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಪುಟ್ಟ ಎಟಿಆರ್ ವಿಮಾನಗಳಲ್ಲಿ ಹುಬ್ಬಳ್ಳಿಗೆ, ಮಂಗಳೂರಿಗೆ ಜನರನ್ನು ಒಯ್ಯತೊಡಗಿತು. ಆರ್.ಕೆ. ಲಕ್ಷ್ಮಣರ ‘ಕಾಮನ್ ಮ್ಯಾನ್’ ಅದರ ಗುರುತು. ಊಟವಿಲ್ಲ, ನೀರಿಗೂ ಕಾಸು. ಸೀಟಿನ ನಂಬರೂ ಇಲ್ಲ, ಓಡಿ ಹೋಗಿ ಹಿಡಿದುಕೊಂಡದ್ದೇ ಸೀಟು. ಸಂತೆ ದಿನದ ಬಸ್ಸಿಗೆ ಕರ್ಚೀಫು ಹಾಕಿದ ಹಾಗೆ. ಹುಬ್ಬಳ್ಳಿಯ ವಿಮಾನದಲ್ಲಿ ಪಕ್ಕದಲ್ಲಿ ಕೂತ ಇಳಕಲ್ ಸೀರೆಯ ಅಜ್ಜಿಯೊಬ್ಬರು ರೊಟ್ಟಿ ಗಂಟು ಬಿಚ್ಚಿ, “ತಗೋರಿ, ಇಲ್ಲಿ ಏನೂ ಕೊಡೂದಿಲ್ಲಂತ” ಎಂದು ಶೇಂಗಾ ಚಟ್ನಿ ಹಚ್ಚಿ ಕೊಟ್ಟರು. ಜೆಟ್‌ನ ಯಾವ ತಟ್ಟೆಯೂ ಆ ರುಚಿಗೆ ಸಮ ಬರಲಿಲ್ಲ.

2005ರಲ್ಲಿ ಇದೇ ಬೆಂಗಳೂರಿನಿಂದ ಇದಕ್ಕೆ ನೇರ ವಿರುದ್ಧವಾದ ಕಿಂಗ್‌ಫಿಶರ್ ಬಂತು. ಸೀಟಿಗೊಂದು ಟಿವಿ, ಕೆಂಪು ಸಮವಸ್ತ್ರ, ಪರದೆಯ ಮೇಲೆ ಸ್ವತಃ ಒಡೆಯ ವಿಜಯ್ ಮಲ್ಯ ಸ್ವಾಗತ ಕೋರುವರು. ನಾವು ಪ್ರಯಾಣಿಕರಲ್ಲ, ಅತಿಥಿಗಳು. ಒಪ್ಪುತ್ತೇನೆ, ನನಗೆ ತುಂಬ ಹಿಡಿಸಿತ್ತು. ಒಂದು ವರ್ಷವೂ ಲಾಭ ಕಾಣದ ಕಂಪನಿ ಅದು. ಎರಡು ವಿರುದ್ಧ ಸ್ವಭಾವಗಳನ್ನು ಒಂದೇ ಮನೆಯಲ್ಲಿಡಲು ಏರ್ ಡೆಕ್ಕನ್ ಅನ್ನೂ ಕೊಂಡುಕೊಂಡಿತು. 2012ರ ಅಕ್ಟೋಬರಿನಲ್ಲಿ ಸಂಬಳವಿಲ್ಲದ ನೌಕರರ ಮುಷ್ಕರದ ನಡುವೆ ಹಾರಾಟ ನಿಂತಿತು. 2019ರ ಏಪ್ರಿಲ್‌ನಲ್ಲಿ ಜೆಟ್ ನಿಂತಿತು. ಬಿಸಿ ಊಟ ಬಡಿಸುತ್ತಿದ್ದ ವಿಸ್ತಾರಾ 2024ರ ನವೆಂಬರಿನಲ್ಲಿ ಏರ್ ಇಂಡಿಯಾದೊಳಗೆ ಸೇರಿಹೋಯಿತು. ನನ್ನ ಪರ್ಸಿನಲ್ಲಿದ್ದ ಸದಸ್ಯತ್ವದ ಕಾರ್ಡುಗಳು ಒಂದೊಂದಾಗಿ ಮೊಮ್ಮಗನ ಆಟಿಕೆ ಡಬ್ಬಿ ಸೇರಿದವು.

ಉಳಿದುಕೊಂಡ ಇಂಡಿಗೋವನ್ನು ಪ್ರೀತಿಸಿದೆ ಎಂದವರನ್ನು ನಾನು ಕಂಡಿಲ್ಲ. 2006ರಲ್ಲಿ ಶುರುವಾದಾಗ ಅದಕ್ಕೆ ಒಂದೇ ಮಾದರಿಯ ಎ320, ಒಂದೇ ಬಗೆಯ ಸೀಟು. ಪೈಲಟ್ಟು, ಮೆಕ್ಯಾನಿಕ್ಕು, ಬಿಡಿಭಾಗ ಎಲ್ಲವೂ ಯಾವ ವಿಮಾನಕ್ಕಾದರೂ ಹೊಂದುತ್ತಿತ್ತು. ಯಂತ್ರಗಳ ಜೊತೆ ಬದುಕಿದ ನನಗೆ ಆ ಜಾಣತನ ತಕ್ಷಣ ತಿಳಿಯಿತು. ಮೆಟ್ಟಿಲ ಬದಲು ಇಳಿಜಾರಿನ ರ್‍ಯಾಂಪ್ ಇಟ್ಟು ಬೇಗ ಹತ್ತಿಸಿ ಬೇಗ ಇಳಿಸುತ್ತಾರೆ. ವಿಮಾನ ನೆಲದ ಮೇಲೆ ನಿಂತಷ್ಟು ಹೊತ್ತೂ ನಷ್ಟವೇ. ಬಿಸಿನೀರು ಸುರಿದ ಡಬ್ಬಿ ಉಪ್ಪಿಟ್ಟು ಕಾಸಿಗೆ ಸಿಗುತ್ತದೆ, ಬೇಕಾದರೆ ತಿನ್ನಿ. ಬೆಳಿಗ್ಗೆ ಹತ್ತಕ್ಕೆ ಗ್ರಾಹಕನ ಶೆಡ್ಡಿನಲ್ಲಿರಬೇಕಾದ ನಮಗೆ ಹೊತ್ತಿಗೆ ತಲುಪಿಸುವವನೇ ದೇವರು. ನಾವು ಜೆಟ್ ಊಟವನ್ನು ಹೊಗಳುತ್ತ ಇಂಡಿಗೋ ಟಿಕೆಟ್ ತೆಗೆಸಿದೆವು. ಊಟ ಹಾಕಿದವರು ಮುಳುಗಿದ್ದರಲ್ಲಿ ಇಂಧನದ ಮೇಲಿನ ರಾಜ್ಯಗಳ ತೆರಿಗೆಯ ಪಾಲೆಷ್ಟೋ, ಸಾಲದ ಪಾಲೆಷ್ಟೋ, ನಮ್ಮ ಈ ಎರಡು ನಾಲಿಗೆಯ ಪಾಲೂ ಇದೆ.

ಈಗ ದೇಶದೊಳಗೆ ಹಾರುವ ನೂರು ಜನರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಇಂಡಿಗೋದವರು. ಉಳಿದವರಲ್ಲಿ ಬಹುಪಾಲು ಏರ್ ಇಂಡಿಯಾ ಗುಂಪಿನವರು. 2025ರ ಡಿಸೆಂಬರ್ ಮೊದಲ ವಾರ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕ ತಯಾರಿಯಿಲ್ಲದೆ ಇಂಡಿಗೋ ಸಾವಿರಾರು ಹಾರಾಟ ರದ್ದು ಮಾಡಿದಾಗ ದೇಶದ ನಿಲ್ದಾಣಗಳೆಲ್ಲ ಸೂಟ್‌ಕೇಸುಗಳಿಂದ ತುಂಬಿದವು. ಉಳಿದ ಕಂಪನಿಗಳ ದರ ಏರಿತು. ಸರ್ಕಾರ ಮಧ್ಯೆ ಬಂದು 500 ಕಿ.ಮೀ. ಒಳಗಿನ ಪ್ರಯಾಣಕ್ಕೆ 7,500 ರೂಪಾಯಿಯ ಮಿತಿ ಹಾಕಬೇಕಾಯಿತು.

ನಿವೃತ್ತಿಯಾದ ಮೇಲೂ ಹಳೆಯ ಗ್ರಾಹಕರು ಕರೆದರೆ ಹೋಗುತ್ತೇನೆ. ಹುಬ್ಬಳ್ಳಿ ಕಡೆಯ ಕೆಲಸವಾದರೆ ದೇವನಹಳ್ಳಿಯ ಈಗಿನ ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿನ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ ನೋಡಿ, ವಂದೇ ಭಾರತ್ ರೈಲಿಗೇ ಟಿಕೆಟ್ ಮಾಡುತ್ತೇನೆ.