ಕುದುರೆಗೆ ಸಾಟಿಯಾದ ಎತ್ತು

ರಾಜರ ಸೈನ್ಯ ಎಂದೊಡನೆ ಮಕ್ಕಳಿಗೆ ನೆನಪಾಗುವುದು ಆನೆ, ಕುದುರೆ. ಆದರೆ ಫಿರಂಗಿ, ಮದ್ದುಗುಂಡು, ಅಕ್ಕಿಮೂಟೆಗಳನ್ನು ಎಳೆದವರು ಯಾರು? ಎತ್ತುಗಳು. ಅದರಲ್ಲೂ ಮೈಸೂರು ಸೀಮೆಯ ಅಮೃತಮಹಲ್ ಎತ್ತುಗಳು. ಈ ತಳಿಯ ಮುಖ್ಯ ನೆಲೆಯಾದ ಅಜ್ಜಂಪುರ ಇರುವುದು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ. ಮೂಡಿಗೆರೆ, ಕಳಸದ ಕಾಫಿ ತೋಟಗಳ ನಡುವೆ ಬೆಳೆದ ಎಷ್ಟೋ ಮಕ್ಕಳಿಗೆ ಇದು ಗೊತ್ತಿಲ್ಲ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು, ಬೆಣ್ಣೆ ಒದಗಿಸಲು 'ಬೆಣ್ಣೆ ಚಾವಡಿ' ಎಂಬ ಇಲಾಖೆ ಇತ್ತು. ಹೈದರಾಲಿ ಈ ದನಗಳನ್ನು ಯುದ್ಧದ ಸಾಗಣೆಗೆ ಬಳಸಿದ. ಚಿದಂಬರಕ್ಕೆ ನೆರವಾಗಲು ಅವನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ದಾಖಲೆಗಳು ಹೇಳುತ್ತವೆ. 'ಅಮೃತಮಹಲ್' ಎಂದು ಹೆಸರಿಟ್ಟವನು ಟಿಪ್ಪು. 1799ರ ನಂತರ ದನಗಳು ಬ್ರಿಟಿಷರ ಕೈ ಸೇರಿದವು. ಖರ್ಚು ಹೆಚ್ಚೆಂದು 1860ರಲ್ಲಿ ಮಂದೆಯನ್ನೇ ಮಾರಿಬಿಟ್ಟರು. ಒಳ್ಳೆಯ ಎತ್ತು ಸಿಗದೆ ಪರದಾಡಿ 1866ರಲ್ಲಿ ಮತ್ತೆ ಕಟ್ಟಿದರು.

ಬೂದು ಬಣ್ಣ, ನೀಳ ಮುಖ, ಉಬ್ಬಿದ ಹಣೆ, ಹಿಂದಕ್ಕೆ ಬಾಗಿ ಮೇಲೇರುವ ಚೂಪು ಕೊಂಬು, ಚಿಕ್ಕದಾದರೂ ಗಟ್ಟಿ ಗೊರಸು. ಕಾವಲಿನ ಒಣ ಹುಲ್ಲೇ ಸಾಕು. ಅಪರಿಚಿತರನ್ನು ಕಂಡರೆ ಕೆರಳುತ್ತವೆ. ನಮ್ಮ ಮಲೆನಾಡು ಗಿಡ್ಡ ಮಳೆಯ ಗುಡ್ಡಕ್ಕೆ ಒಗ್ಗಿದಂತೆ ಇವು ಬಯಲುಸೀಮೆಯ ಬಿಸಿಲಿಗೆ ಒಗ್ಗಿದವು. ಹಾಲು ಮಾತ್ರ ಕಡಿಮೆ.

ಈ ಕೊನೆಯ ಮಾತೇ ಅವುಗಳಿಗೆ ಮುಳುವಾಯಿತು. ಬಯಲುಸೀಮೆಯ ಒಂದು ಬ್ಯಾಂಕಿನಲ್ಲಿ ನಾನು ಗುಮಾಸ್ತನಾಗಿದ್ದಾಗ ಹೈನುರಾಸು ಸಾಲದ ಅರ್ಜಿಯಲ್ಲಿ 'ದಿನಕ್ಕೆ ಎಷ್ಟು ಲೀಟರ್?' ಎಂಬ ಕಲಂ ಇತ್ತು. ಅಮೃತಮಹಲ್ ಹಸು ಕೊಳ್ಳಲು ಸಾಲ ಕೇಳಿ ಬಂದ ಹಿರಿಯ ರೈತರೊಬ್ಬರು ಅದನ್ನು ಓದಿಸಿಕೊಂಡು, "ಸ್ವಾಮಿ, ಲೀಟರ್ ಲೆಕ್ಕ ಕೇಳ್ತೀರಿ. ಇದರ ಕರು ಎಷ್ಟು ಗಾವುದ ನಡೆಯುತ್ತೆ ಅಂತ ಕೇಳೋ ಕಲಂ ಇಲ್ವಾ?" ಎಂದರು. ಇರಲಿಲ್ಲ. ಆ ಅರ್ಜಿ ಮಂಜೂರಾಗಲಿಲ್ಲ. ಸೀಮೆಹಸುವಿನ ಅರ್ಜಿಗಳು ಮಂಜೂರಾದವು.

ಹಾಲು ಮನೆಗೆ ಬೇಕು, ಸೀಮೆಹಸು ಸಾಕಿದವರದ್ದು ತಪ್ಪಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಕೆಲಸವೂ ಕಡಿಮೆಯಾಯಿತು. ಹಿಂದೆ ಮೈಸೂರು ಸಂಸ್ಥಾನದ ಹಲವೆಡೆ ಇವುಗಳಿಗೆಂದೇ ಮೀಸಲಾಗಿದ್ದ ಹುಲ್ಲುಗಾವಲು, ಅಂದರೆ ಅಮೃತಮಹಲ್ ಕಾವಲು, ಬಹುಪಾಲು ಬೇರೆ ಬೇರೆ ಬಳಕೆಗೆ ಹೋಗಿದೆ. ಆದರೆ ಬರ ತಾಳಿಕೊಳ್ಳುವ ಗುಣ ಒಮ್ಮೆ ಕಳೆದುಹೋದರೆ ಅದನ್ನು ಯಾವ ಸಾಲದಿಂದಲೂ ಕೊಳ್ಳಲಾಗದು. 1860ರಲ್ಲಿ ಮಾರಿದವರಿಗೆ ಆರೇ ವರ್ಷದಲ್ಲಿ ಮತ್ತೆ ದನ ಸಿಕ್ಕಿದ್ದು, ರೈತರ ಹಟ್ಟಿಗಳಲ್ಲಿ ಇನ್ನೂ ತಳಿ ಉಳಿದಿತ್ತು ಎಂಬ ಕಾರಣಕ್ಕೆ.

ಅಜ್ಜಂಪುರದ ಸರ್ಕಾರಿ ತಳಿ ಸಂವರ್ಧನಾ ಕೇಂದ್ರದಲ್ಲಿ ಇಂದಿಗೂ ಈ ಮಂದೆ ಇದೆ. ಹೋರಿಕರುಗಳ ಹರಾಜಿಗೆ ದೂರದೂರದ ರೈತರು ಬರುತ್ತಾರೆ. ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಹೋಗಿ ಬನ್ನಿ, ಮಕ್ಕಳೇ. ಕೇಂದ್ರದವರನ್ನು ಕೇಳಿ, ದೂರ ನಿಂತು ನೋಡಿ. ಕೊಂಬು ಚೂಪಾಗಿದೆ!